ಭತ್ತದ ಸೀಮೆಯಲ್ಲಿ ಬರಿಗೈಲಿ ಕಾದಿರುವ ಪ್ರೋಟೀನು

ಕೆಂಚನಗುಡ್ಡದ ಬಳಿ ತುಂಗಭದ್ರೆಯ ದಂಡೆಯಲ್ಲಿ ನಿಂತರೆ ಕಣ್ಣಿಗೆ ಬೀಳುವುದು ಭತ್ತ, ಭತ್ತ, ಮತ್ತೆ ಭತ್ತ. ಈ ಸಿರುಗುಪ್ಪ ಸೀಮೆಯ ತಟ್ಟೆಯಲ್ಲಿ ಅನ್ನ, ಜೋಳದ ರೊಟ್ಟಿ. ಸಂಜೆಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಕಡ್ಲೆಹಿಟ್ಟಿನ ಮಿರ್ಚಿ. ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗೋಧಿ, ಬಾರ್ಲಿಗಳಲ್ಲಿರುವ ಆ ಅಂಟು ಪ್ರೋಟೀನು ಈ ಊಟದಲ್ಲಿ ಇಲ್ಲದಿರುವುದು ಎಂಥ ದೊಡ್ಡ ಸಂಗತಿ!

ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23,331 ವಯಸ್ಕರಲ್ಲಿ ಸೀಲಿಯಾಕ್ ಕಾಯಿಲೆಯನ್ನು ಹುಡುಕಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಗ್ಲುಟೆನ್ ತಿಂದಾಗ ದೇಹ ತನ್ನ ಸಣ್ಣಕರುಳಿನ ಮೇಲೆ ತಾನೇ ಎರಗುವ ಆಟೋಇಮ್ಯೂನ್ ಕಾಯಿಲೆ ಇದು. ಉತ್ತರದಲ್ಲಿ ಸಾವಿರಕ್ಕೆ 8.53 ಮಂದಿಗಿತ್ತು. ದಕ್ಷಿಣದಲ್ಲಿ? ಬರೀ 0.11! ನಮ್ಮ ರಕ್ತವೇ ಬೇರೆ ಎನ್ನೋಣವೇ? ಅದಲ್ಲ. ಈ ಕಾಯಿಲೆಗೆ ದಾರಿ ಮಾಡುವ ಡಿಕ್ಯೂ2, ಡಿಕ್ಯೂ8 ಪ್ರೋಟೀನುಗಳ ಜೀನ್‌ಗಳು ಉತ್ತರದವರಲ್ಲಿ ನೂರಕ್ಕೆ 38.1, ದಕ್ಷಿಣದವರಲ್ಲಿ 36.4 ಮಂದಿಯಲ್ಲಿ ಸಿಕ್ಕವು. ಹೆಚ್ಚುಕಮ್ಮಿ ಸಮ! ಅಜಗಜಾಂತರ ಇದ್ದದ್ದು ತಟ್ಟೆಯಲ್ಲಿ: ದಿನಕ್ಕೆ ಅಲ್ಲಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ.

ಹಾಗಾದರೆ ಡಿಕ್ಯೂ2 ಮಾಡುವುದೇನು? ಅದು ನಮ್ಮ ಕೆಲವು ಕಾವಲು ಕೋಶಗಳ ಮೈಮೇಲೆ ಬೊಗಸೆಯೊಡ್ಡಿ ನಿಂತಿರುತ್ತದೆ. ಕೋಶ ನುಂಗಿ ತುಂಡರಿಸಿದ ಚೂರನ್ನು ಹಿಡಿದು ರೋಗನಿರೋಧಕ ಪಡೆಯ ಟಿ ಕೋಶಕ್ಕೆ ತೋರಿಸುವುದೇ ಅದರ ಕೆಲಸ. ರೋಗಾಣುಗಳ ವಿರುದ್ಧ ದೇಹ ಎಚ್ಚರಗೊಳ್ಳುವುದೂ ಇಂಥ ಪ್ರೋಟೀನುಗಳಿಂದಲೇ.

ಇನ್ನು ಗ್ಲುಟೆನ್ ಅಷ್ಟು ಸುಲಭಕ್ಕೆ ಕರಗುವ ಪದಾರ್ಥವಲ್ಲ. ಅದರಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೇರಳ, ಕಿಣ್ವಗಳು ಸೋಲುತ್ತವೆ. 33 ಅಮೈನೋ ಆಮ್ಲಗಳ ಒಂದು ತುಂಡು ಜೀರ್ಣವಾಗದೆ ಉಳಿಯುವುದನ್ನು ಸ್ಟ್ಯಾನ್‌ಫರ್ಡ್‌ನ ಚೈತನ್ ಖೋಸ್ಲಾ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಅಂಥ ತುಂಡು ಕರುಳಿನ ಗೋಡೆ ದಾಟಿತೋ, ಅಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಇದೆ. ಗಾಯ ಮಾಯಲು ನೆರವಾಗುವ, ನಮ್ಮದೇ ಕಿಣ್ವ. ಅದು ತುಂಡಿನಲ್ಲಿರುವ ಕೆಲವು ಗ್ಲುಟಮಿನ್‌ಗಳನ್ನು ಗ್ಲುಟಮಿಕ್ ಆಮ್ಲವಾಗಿಸುತ್ತದೆ. ಅಷ್ಟೇ! ಆದರೆ ಅಷ್ಟರಿಂದಲೇ ಚೂರಿಗೆ ಋಣ ವಿದ್ಯುದಂಶ ಬಂತು. ಡಿಕ್ಯೂ2ಗೆ ಬೇಕಾದದ್ದೇ ಅದು. ಸಡಿಲವಾಗಿ ಜಾರಿಹೋಗುತ್ತಿದ್ದ ಚೂರು ಈಗ ಗಟ್ಟಿಯಾಗಿ ಕೂರುತ್ತದೆ. ಅದನ್ನು ಗುರುತಿಸುವ ಟಿ ಕೋಶ ಬಂದು ಮುಟ್ಟಿ ನೋಡುತ್ತದೆ, ಕಾವಲು ಕೋಶದಿಂದ ಅಪಾಯದ ಎರಡನೆಯ ಸನ್ನೆಯೂ ಸಿಕ್ಕಿತೆಂದರೆ ಕೆರಳುತ್ತದೆ, ಒಂದು ಹಲವಾಗುತ್ತದೆ, ಉರಿಯೂತ ಎಬ್ಬಿಸುವ ಇಂಟರ್‌ಫೆರಾನ್ ಗ್ಯಾಮಾ ಸುರಿಸುತ್ತದೆ. ಆಹಾರದ ಸತ್ವ ಹೀರುವ ಕರುಳಿನ ನವಿರು ಎಳೆಗಳು ಸವೆದು ಚಪ್ಪಟೆಯಾಗುತ್ತವೆ.

ಇನ್ನೂ ಬೆರಗಿದೆ. ಈ ಗದ್ದಲದಲ್ಲಿ ದೇಹ ತನ್ನದೇ ಟ್ರಾನ್ಸ್‌ಗ್ಲುಟಮಿನೇಸ್ ವಿರುದ್ಧವೂ ಪ್ರತಿಕಾಯ ತಯಾರಿಸುತ್ತದೆ! ಸೀಲಿಯಾಕ್ ರೋಗಿಗಳ ಪ್ರತಿಕಾಯಗಳು ಅರಸುತ್ತಿದ್ದದ್ದು ಈ ಕಿಣ್ವವನ್ನೇ ಎಂದು ಜರ್ಮನಿಯ ಡೀಟರಿಖ್, ಶುಪ್ಪಾನ್ ಮತ್ತು ಸಂಗಡಿಗರು 1997ರಲ್ಲಿ ಕಂಡುಕೊಂಡರು. ಗ್ಲುಟೆನ್ ಬಿಟ್ಟರೆ ಆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಚಿಗುರುತ್ತದೆ. ಕಿಡಿ ಯಾವುದೆಂದು ಗೊತ್ತಿರುವ, ಆ ಕಿಡಿ ತೆಗೆದರೆ ತಣ್ಣಗಾಗುವ ಆಟೋಇಮ್ಯೂನ್ ಕಾಯಿಲೆ ಎಷ್ಟು ಅಪರೂಪ! ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ ಸಿಗದಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದನ್ನೂ, ಬ್ರೆಡ್ ಮರಳಿದಾಗ ಮತ್ತೆ ನೆಲ ಹಿಡಿದದ್ದನ್ನೂ ವೈದ್ಯ ವಿಲ್ಲೆಮ್ ಡಿಕೆ ಗಮನಿಸಿದ್ದರು. ಡಿಕ್ಯೂ2 ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ಈಗ ನಮ್ಮ ಊರುಗಳಿಗೂ ಚಪಾತಿ, ಪರೋಟ, ಬೇಕರಿ ಬನ್ನು ಬಂದಿವೆ. ಹೆದರಬೇಕಿಲ್ಲ, ಡಿಕ್ಯೂ2 ಪ್ರೋಟೀನು ಇದ್ದೂ ಗೋಧಿ ತಿನ್ನುವ ಬಹುಪಾಲು ಜನಕ್ಕೆ ಸೀಲಿಯಾಕ್ ಬರುವುದೇ ಇಲ್ಲ. ಆದರೆ ಮಗುವಿಗೆ ಭೇದಿ ನಿಲ್ಲದಿದ್ದರೆ, ಎತ್ತರ ಕುಂಠಿತವಾದರೆ, ಕಬ್ಬಿಣಾಂಶದ ಮಾತ್ರೆಗೂ ರಕ್ತಹೀನತೆ ಜಗ್ಗದಿದ್ದರೆ ಟ್ರಾನ್ಸ್‌ಗ್ಲುಟಮಿನೇಸ್ ಪ್ರತಿಕಾಯದ ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಪರೀಕ್ಷೆಗೆ ಮುಂಚೆ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಪ್ರತಿಕಾಯ ಇಳಿದು ಕಾಯಿಲೆ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು.