ನೋಡುವುದು ನಾಲ್ಕು ವಾಹಿನಿ, ಬಾಡಿಗೆ ಇನ್ನೂರರದು

ತಿಂಗಳ ಮೊದಲ ವಾರ ಬಂತೆಂದರೆ ಬಾಗಿಲಿಗೆ ಯಾರು ಯಾರು ಬರುತ್ತಾರೆಂಬುದು ಮಧ್ಯಮ ವರ್ಗದ ಮನೆಗಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹಾಲಿನವನು, ಪೇಪರಿನವನು, ಅವರ ಬೆನ್ನ ಹಿಂದೆಯೇ ಕೇಬಲ್ಲಿನ ಹುಡುಗ. 1990ರ ದಶಕದಲ್ಲಿ ಆತ ಕಾರ್ಡು ಹಿಡಿದು ನಿಂತಾಗ ಮನೆಯವರು ಕೇಳುತ್ತಿದ್ದುದು ಎರಡೇ ಪ್ರಶ್ನೆ. ‘ನಿನ್ನೆ ರಾತ್ರಿ ಧಾರಾವಾಹಿ ಹೊತ್ತಿಗೇ ಯಾಕಪ್ಪಾ ಹೋಗಿಬಿಡ್ತು?’ ಎಂಬುದು ಒಂದು. ‘ಈ ತಿಂಗಳೂ ಜಾಸ್ತಿ ಮಾಡಿದ್ದೀಯಾ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಾಳಿ, ಮಳೆ, ಕರೆಂಟು ಎಂದು ಏನಾದರೊಂದು ಉತ್ತರ ಇರುತ್ತಿತ್ತು. ಎರಡನೆಯದಕ್ಕೆ ಇದ್ದದ್ದು ಒಂದೇ ಉತ್ತರ: ‘ಮೇಲಿನವರು ಏರಿಸಿದ್ದಾರೆ ಅಮ್ಮಾ.’

ಈಗ ಎಷ್ಟೋ ಮನೆಗಳಲ್ಲಿ ಕಾರ್ಡು ಹೋಗಿ ಮೊಬೈಲಿನ ರೀಚಾರ್ಜ್ ಬಂದಿದೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಆ ‘ಮೇಲಿನವರು’ ಯಾರು? ಅವರು ಏರಿಸುತ್ತಾ ಹೋಗುವ ಹಣಕ್ಕೆ ಮನೆಯೊಳಗೆ ಸಿಗುತ್ತಿರುವುದಾದರೂ ಏನು?

ಟಿ.ವಿ. ನೋಡಲು ದುಡ್ಡು ಕೊಡುವುದು ಭಾರತೀಯರಿಗೆ ಕೇಬಲ್ ಕಲಿಸಿದ ಅಭ್ಯಾಸವೇನಲ್ಲ. ರೇಡಿಯೋಗೆ ಇದ್ದಂತೆ ಟಿ.ವಿ.ಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಕಾಲವೊಂದಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಲ್ಲಿಂದ ಮುಂದಿನ ಹತ್ತು ವರ್ಷ ಟಿ.ವಿ. ಎಂದರೆ ಮಾಳಿಗೆಯ ಮೇಲಿನ ಆಂಟೆನಾ. ಅದನ್ನು ತಿರುಗಿಸಲು ಒಬ್ಬರು ಮೇಲೆ, ‘ಬಂತು, ಬಂತು, ಹೋಯ್ತು’ ಎಂದು ಕೂಗಲು ಇನ್ನೊಬ್ಬರು ಕೆಳಗೆ. ತಿಂಗಳ ಖರ್ಚೆಂಬುದು ಇರಲಿಲ್ಲ.

1991ರಲ್ಲಿ ಕೊಲ್ಲಿ ಯುದ್ಧದ ಚಿತ್ರಗಳು ದೊಡ್ಡ ಹೋಟೆಲುಗಳ ಡಿಶ್ ಆಂಟೆನಾಗಳ ಮೂಲಕ ದೇಶದೊಳಗೆ ಬಂದವು. ಅದೇ ವರ್ಷ ಹಾಂಕಾಂಗ್‌ನಿಂದ ಸ್ಟಾರ್ ಟಿ.ವಿ. ಪ್ರಸಾರ ಶುರುವಾಯಿತು. 1992ರ ಅಕ್ಟೋಬರಿನಲ್ಲಿ ಜೀ, 1994ರಲ್ಲಿ ಕನ್ನಡದ ಉದಯ ಬಂದವು. ಬಡಾವಣೆಯ ಉತ್ಸಾಹಿಯೊಬ್ಬ ಮನೆಯ ಮೇಲೆ ತಟ್ಟೆ ಇಟ್ಟು, ಬೀದಿಯ ಕಂಬದಿಂದ ಕಂಬಕ್ಕೆ, ಕಂಬ ಸಿಗದ ಕಡೆ ತೆಂಗಿನ ಮರಕ್ಕೆ ತಂತಿ ಎಳೆದರೆ ಕೇಬಲ್ ಜಾಲ ಸಿದ್ಧ. ಈ ತಂತಿಗಳಿಗೆ ಕಾನೂನು ಬಂದದ್ದು 1995ರಲ್ಲಿ, ಅಷ್ಟು ಹೊತ್ತಿಗೆ ಅವು ಊರೆಲ್ಲಾ ಹಬ್ಬಿಯಾಗಿತ್ತು. ಮೊದಮೊದಲು ಉಪಗ್ರಹ ವಾಹಿನಿಗಳು ಪುಕ್ಕಟೆ. ಗ್ರಾಹಕ ಕೊಡುತ್ತಿದ್ದುದು ತಂತಿ ಎಳೆದವನ ಕೂಲಿಯನ್ನು ಮಾತ್ರ. ಜನಕ್ಕೆ ರುಚಿ ಹತ್ತಿದ ಮೇಲೆ ಒಂದೊಂದಾಗಿ ಚಲನಚಿತ್ರ, ಕ್ರೀಡೆ, ಮನರಂಜನೆಯ ವಾಹಿನಿಗಳು ‘ಇನ್ನು ಮುಂದೆ ಚಂದಾ’ ಎಂದವು.

ಇಲ್ಲಿಂದ ಲೆಕ್ಕ ಗೋಜಲಾಯಿತು. ಹಳೆಯ ಅನಲಾಗ್ ತಂತಿಯಲ್ಲಿ ಹರಿದದ್ದೆಲ್ಲ ಎಲ್ಲ ಮನೆಗೂ ಹರಿಯುತ್ತಿತ್ತು. ಒಂದು ಮನೆಗೆ ಕ್ರೀಡೆ ಬೇಡ, ಪಕ್ಕದ ಮನೆಗೆ ಇಂಗ್ಲಿಷ್ ಸಿನಿಮಾ ಬೇಡ ಎಂದು ತಡೆಯುವ ಉಪಾಯ ಇರಲಿಲ್ಲ. ಎಷ್ಟು ಮನೆಗೆ ಸಂಪರ್ಕವಿದೆ ಎಂಬುದೂ ಕೇಬಲ್‌ನವನಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಸಾವಿರ ಮನೆ ಇದ್ದರೆ ಇನ್ನೂರು ಎಂದು ಹೇಳಿ ಆತ ವಾಹಿನಿಗೆ ಇನ್ನೂರರ ಹಣ ಕಟ್ಟುತ್ತಿದ್ದ. ಇದು ಗೊತ್ತಿದ್ದ ವಾಹಿನಿ ತಲಾ ದರವನ್ನೇ ಏರಿಸುತ್ತಿತ್ತು. ಅವರಿಬ್ಬರ ಈ ಕಣ್ಣುಮುಚ್ಚಾಲೆಯಲ್ಲಿ ಕಾರ್ಡಿನ ಮೇಲಿನ ಅಂಕಿ ಮಾತ್ರ ವರ್ಷ ವರ್ಷ ಬೆಳೆಯಿತು. ‘ಮೇಲಿನವರು’ ಎಂದರೆ ಒಬ್ಬರಲ್ಲ ಎಂಬುದು ಇದರಿಂದ ಸ್ಪಷ್ಟ. ವಾಹಿನಿಯ ಒಡೆಯ, ಅವನಿಂದ ಸಗಟಾಗಿ ಪಡೆದು ನಗರಕ್ಕೆಲ್ಲ ಹಂಚುವ ದೊಡ್ಡ ಜಾಲದವನು, ಆಮೇಲೆ ಬೀದಿಯ ಕೇಬಲ್‌ನವನು, ಇವರಿಷ್ಟೂ ಜನ ಆ ಮಾತಿನೊಳಗಿದ್ದಾರೆ.

ಸರ್ಕಾರ ಕೈಹಾಕಿದ್ದು 2002ರ ಕಾಯ್ದೆ ತಿದ್ದುಪಡಿಯಿಂದ. ಪೆಟ್ಟಿಗೆಯೊಂದನ್ನು ಇಟ್ಟು, ಬೇಕಾದ ವಾಹಿನಿಗೆ ಮಾತ್ರ ಹಣ ಕೊಡುವ ವ್ಯವಸ್ಥೆ ಅದು. 2003ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಜಾರಿಯಾಯಿತು. ದೆಹಲಿ, ಮುಂಬಯಿ, ಕೋಲ್ಕತ್ತಗಳ ಕೆಲವು ಭಾಗಗಳಿಗೆ 2006ರ ಕೊನೆಯ ದಿನ ಬಂತು. ಆಗ ಟ್ರಾಯ್ ಎಂದೇ ಹೆಸರಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಹಾಕಿದ ದರ ಈಗ ಓದಿದರೆ ನಗು ಬರುತ್ತದೆ: 30 ಉಚಿತ ವಾಹಿನಿಗಳಿಗೆ 77 ರೂಪಾಯಿ, ಚಂದಾ ವಾಹಿನಿ ಯಾವುದಾದರೂ ತಲಾ 5 ರೂಪಾಯಿ ಮೀರಬಾರದು. ಬೆಂಗಳೂರು, ಮೈಸೂರುಗಳು ಪೆಟ್ಟಿಗೆ ಕಂಡದ್ದು 2013ರಲ್ಲಿ, ದೇಶದ 38 ನಗರಗಳ ಎರಡನೇ ಹಂತದ ಡಿಜಿಟಲೀಕರಣದಲ್ಲಿ. ಪೆಟ್ಟಿಗೆ ಬಂದರೂ ಆಯ್ಕೆ ಬರಲಿಲ್ಲ. ಕಟ್ಟಿಟ್ಟ ಪ್ಯಾಕೇಜನ್ನೇ ಕೊಳ್ಳಬೇಕಾಯಿತು.

ದೊಡ್ಡ ಬದಲಾವಣೆ ಎಂದು ಡಂಗುರ ಹೊಡೆದದ್ದು 2019ರ ಫೆಬ್ರುವರಿ 1ರ ಹೊಸ ದರ ಪದ್ಧತಿ. ವಾಹಿನಿಗಳು ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋಗಿ 2018ರ ಅಕ್ಟೋಬರಿನಲ್ಲಿ ಸೋತಿದ್ದವು. ಪ್ರತಿ ವಾಹಿನಿಯೂ ತನ್ನ ಬೆಲೆಯನ್ನು ಬಿಡಿಯಾಗಿ ಪ್ರಕಟಿಸಬೇಕು, ಗ್ರಾಹಕ ಸಂತೆಯಲ್ಲಿ ತರಕಾರಿ ಆರಿಸಿದಂತೆ ಆರಿಸಿಕೊಳ್ಳಬಹುದು ಎಂಬುದು ಆಶಯ. ತಂತಿಯ ಬಾಡಿಗೆ ಬೇರೆ, ವಾಹಿನಿಯ ಬೆಲೆ ಬೇರೆ. ಬಾಡಿಗೆ ನೂರು ವಾಹಿನಿಗಳಿಗೆ 130 ರೂಪಾಯಿ, ಶೇ 18 ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಗುಚ್ಛಕ್ಕೆ ಸೇರಬೇಕಾದ ವಾಹಿನಿಯ ಬೆಲೆ 19 ರೂಪಾಯಿ ಮೀರುವಂತಿಲ್ಲ.

ಆದದ್ದೇನು? ಜನಪ್ರಿಯ ವಾಹಿನಿಗಳು ಹೆಚ್ಚಿನವು ನೆಟ್ಟಗೆ ಆ 19ರ ಹತ್ತಿರವೇ ಹೋಗಿ ನಿಂತವು. ಮಿತಿಯೇ ಬೆಲೆಯಾಯಿತು. ಸರ್ಕಾರ ಗರಿಷ್ಠ ದರ ನಿಗದಿ ಮಾಡಿದ ಕೂಡಲೇ ಅದೇ ಕನಿಷ್ಠ ದರವೂ ಆಗುವುದನ್ನು ಆಟೋದಿಂದ ಸಿಮೆಂಟಿನವರೆಗೆ ಕಂಡ ನಾಡಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬಿಡಿ ಬೆಲೆ ಹೀಗೆ ಎತ್ತರಕ್ಕೆ ಹೋದಾಗ, ಪಕ್ಕದಲ್ಲಿಯೇ ಗುಚ್ಛ ಅಗ್ಗವಾಗಿ ಕಂಡಿತು. ಬೇಕಾದ ಎರಡನ್ನು ಬಿಡಿಯಾಗಿ ಕೊಳ್ಳುವ ಹಣದ ಆಸುಪಾಸಿನಲ್ಲಿ ಅವೆರಡರ ಜತೆ ಬೇಡದ ಹತ್ತು ಬಂದರೆ ಯಾರು ಬಿಡಿ ಕೊಂಡಾರು? ಹತ್ತನ್ನೂ ಕೊಳ್ಳುತ್ತಾರೆ. ಅವುಗಳನ್ನು ಹರಿಸಲು ತಂತಿಯ ಬಾಡಿಗೆಯೂ ನಡೆಯುತ್ತದೆ. ಜನಪ್ರಿಯ ವಾಹಿನಿಗಳನ್ನು ಬಯಸುವವರ ತಿಂಗಳ ಬಿಲ್ಲು 230-240 ರೂಪಾಯಿಯಿಂದ 300ರ ಹತ್ತಿರಕ್ಕೆ ಏರಬಹುದೆಂದು ಕ್ರಿಸಿಲ್ ಸಂಸ್ಥೆ 2019ರಲ್ಲಿಯೇ ಅಂದಾಜು ಮಾಡಿತ್ತು. ಟ್ರಾಯ್ ಅದನ್ನು ಒಪ್ಪಲಿಲ್ಲ. ಆದರೂ ಮರುವರ್ಷವೇ ನಿಯಮ ತಿದ್ದಿತು: ಮಿತಿ 12 ರೂಪಾಯಿ, ಬಾಡಿಗೆ 130ಕ್ಕೆ 200 ವಾಹಿನಿ. ಮತ್ತೆ ನ್ಯಾಯಾಲಯ, ಮತ್ತೆ ಎಳೆದಾಟ. 2022ರ ನವೆಂಬರಿನಲ್ಲಿ ಮಿತಿ ಪುನಃ 19ಕ್ಕೇ ಬಂತು. 2023ರ ಫೆಬ್ರುವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ ದೊಡ್ಡ ಪ್ರಸಾರಕರು ಸಂಪರ್ಕವನ್ನೇ ಕಡಿದರು. ಕೆಲವು ದಿನ ಕೋಟ್ಯಂತರ ಮನೆಗಳಲ್ಲಿ ಧಾರಾವಾಹಿಯೂ ಇಲ್ಲ, ಕ್ರಿಕೆಟ್ಟೂ ಇಲ್ಲ. 2024ರ ಜುಲೈನಲ್ಲಿ ತಂತಿ ಬಾಡಿಗೆಯ ಮೇಲಿದ್ದ ಮಿತಿಯನ್ನೂ ತೆಗೆದು ಹಾಕಲಾಯಿತು.

ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಐಪಿಎಲ್ ಪಂದ್ಯಗಳ ಪ್ರಸಾರ ಹಕ್ಕು 2017ರ ಹರಾಜಿನಲ್ಲಿ ಟಿ.ವಿ., ಮೊಬೈಲ್ ಎಲ್ಲ ಸೇರಿ ಐದು ವರ್ಷಕ್ಕೆ 16,347.5 ಕೋಟಿ ರೂಪಾಯಿಗೆ ಹೋಗಿತ್ತು. 2022ರಲ್ಲಿ ಅದು 48,390 ಕೋಟಿಯಾಯಿತು. ಅದರಲ್ಲಿ ಭಾರತದ ಟಿ.ವಿ. ಹಕ್ಕೊಂದೇ 23,575 ಕೋಟಿ, ಅಂದರೆ ಪಂದ್ಯವೊಂದಕ್ಕೆ 57.5 ಕೋಟಿ. ಕೊಟ್ಟವರು ಇದನ್ನು ಜಾಹೀರಾತಿನಿಂದಲೂ ಚಂದಾದಿಂದಲೂ ಹಿಂದಕ್ಕೆ ಪಡೆಯಲೇಬೇಕು. ಕ್ರಿಕೆಟ್ ಕಣ್ಣೆತ್ತಿಯೂ ನೋಡದ ಅಜ್ಜಿಯ ಗುಚ್ಛದಲ್ಲಿ ಕ್ರೀಡಾ ವಾಹಿನಿಯೊಂದು ಸೇರಿಕೊಂಡಿದ್ದರೆ ಅದಕ್ಕೆ ಕಾರಣ ಇಲ್ಲಿದೆ.

ಹಾಗಾದರೆ ಕೊಟ್ಟ ಹಣಕ್ಕೆ ಮೋಸವೇ? ಒಂದು ಮನೆಯನ್ನು ಊಹಿಸಿಕೊಳ್ಳಬಹುದು. 2019ರ ದರದಲ್ಲಿ ತಂತಿ ಬಾಡಿಗೆ, ಜತೆಗೆ ತಲಾ 19 ರೂಪಾಯಿಯ ನಾಲ್ಕು ವಾಹಿನಿ. ತೆರಿಗೆ ಸೇರಿ 243 ರೂಪಾಯಿ. ಸಂಜೆ ಏಳರಿಂದ ಹತ್ತರವರೆಗೆ ಅತ್ತೆ, ಸೊಸೆ, ಆಫೀಸಿನಿಂದ ಬಂದ ಮಗ ಎಲ್ಲರೂ ಕೂತು ನೋಡುವ ಮನೆ ಅದು. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 90 ಗಂಟೆ. ಗಂಟೆಗೆ ಬಿದ್ದದ್ದು 2 ರೂಪಾಯಿ 70 ಪೈಸೆ, ಅದೂ ಇಡೀ ಮನೆಗೆ. ಇಷ್ಟು ಅಗ್ಗದ ಮನರಂಜನೆ ಬೇರೆ ಇಲ್ಲ. ಅದೇ ಬಿಲ್ಲನ್ನು ದಿನಕ್ಕೆ ಅರ್ಧ ಗಂಟೆ ವಾರ್ತೆ ನೋಡುವ ಒಂಟಿ ನಿವೃತ್ತರು ಕೊಟ್ಟರೆ ಗಂಟೆಗೆ 16 ರೂಪಾಯಿ ಮೀರುತ್ತದೆ. ಏರಿದ ದರ ನಿಜವಾಗಿ ಚುಚ್ಚುವುದು ಇಂಥವರನ್ನು. ಕಡಿಮೆ ನೋಡುವವನು ಕಡಿಮೆ ಕೊಡುವ ದಾರಿ ಕಾಗದದ ಮೇಲೆ ಇದೆ, ತಂತಿ ಬಾಡಿಗೆಯ ಅಡಿಪಾಯ ಮಾತ್ರ ಕರಗುವುದಿಲ್ಲ.

ಅಗ್ಗವೆಂದ ಮೊದಲ ಮನೆಯ ಲೆಕ್ಕದಲ್ಲಿಯೂ ಒಂದು ತೂತಿದೆ. ಕೇಬಲ್ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು: 10 ಮಾರಾಟದ್ದು, 2 ವಾಹಿನಿಯ ಸ್ವಂತ ಪ್ರಚಾರ. ಇದಕ್ಕೂ ಒಪ್ಪದೆ ಪ್ರಸಾರಕರು 2013ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ್ದರು. ನಿಯಮದಷ್ಟೇ ಹಾಕಿದರೂ ಆ 90 ಗಂಟೆಯಲ್ಲಿ 18 ಗಂಟೆ ಸೋಪು, ಟೂತ್‌ಪೇಸ್ಟು, ಚಿನ್ನದಂಗಡಿ. ಅಮೆರಿಕದಲ್ಲಿ 1972ರಲ್ಲಿ ಎಚ್‌ಬಿಒ ಆರಂಭವಾದಾಗ ಚಂದಾ ಕೊಟ್ಟವನಿಗೆ ಜಾಹೀರಾತಿಲ್ಲ ಎಂಬುದೇ ಅದರ ಆಕರ್ಷಣೆಯಾಗಿತ್ತು. ಭಾರತದ ಚಂದಾ ವಾಹಿನಿ ಚಂದಾವನ್ನೂ ಪಡೆಯಿತು, ಜಾಹೀರಾತನ್ನೂ ಉಳಿಸಿಕೊಂಡಿತು. ಬೆಲೆ 19 ಆಯಿತೋ 12 ಆಯಿತೋ ಎಂಬ ಜಗಳದಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಬೇಸತ್ತವರು ಹೋಗುವುದೆಲ್ಲಿಗೆ? ಉತ್ತರ ಭಾರತದವರಿಗೆ ಒಂದು ಸುಲಭದ ದಾರಿ ಇತ್ತು. ದೂರದರ್ಶನ 2004ರಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆ. ತಟ್ಟೆ, ಪೆಟ್ಟಿಗೆ ಒಮ್ಮೆ ಕೊಂಡರಾಯಿತು, ತಿಂಗಳ ಬಿಲ್ಲಿಲ್ಲ. ಹಿಂದಿಯ ಸಿನಿಮಾ, ಧಾರಾವಾಹಿ, ಸುದ್ದಿ ವಾಹಿನಿಗಳು ಹರಾಜಿನಲ್ಲಿ ಹಣ ಕಟ್ಟಿ ಅದರಲ್ಲಿ ಜಾಗ ಪಡೆದವು. ದಕ್ಷಿಣದ ಪ್ರಮುಖ ಮನರಂಜನಾ ವಾಹಿನಿಗಳು ಬಹುಕಾಲ ಅತ್ತ ಸುಳಿಯಲಿಲ್ಲ. ಚಂದಾ ಕೊಡುವ ವೀಕ್ಷಕ ಇಲ್ಲಿದ್ದಾಗ ಪುಕ್ಕಟೆ ಕೊಡುವ ದರ್ದು ಅವಕ್ಕೆ ಇರಲಿಲ್ಲ. ಹೀಗಾಗಿ ಕನ್ನಡದ ಮನೆಗೆ ಫ್ರೀ ಡಿಶ್ ಎಂದರೆ ಮುಖ್ಯವಾಗಿ ಚಂದನ. 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆಗೆ, ಸಂಗೀತಕ್ಕೆ, ಕೃಷಿಗೆ ಅದು ಸಾಕು. ಸಂಜೆ ಏಳರ ಧಾರಾವಾಹಿಗೆ ಸಾಲದು. ಕ್ರೀಡೆಯಲ್ಲಿ ಒಂದು ಸಮಾಧಾನ ಉಂಟು. 2007ರ ಕಾನೂನಿನಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿಯವರು ದೂರದರ್ಶನಕ್ಕೂ ಕೊಡಬೇಕು. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಗೋಪುರ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್ಲಿಗೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.

ಮನೆಯ ಹುಡುಗರು ಕಂಡುಕೊಂಡ ದಾರಿ ಮೊಬೈಲು. 2021ರ ಮಾರ್ಚ್‌ನಲ್ಲಿ 7 ಕೋಟಿಗೆ ಹತ್ತಿರವಿದ್ದ ಡಿಟಿಎಚ್ ಚಂದಾದಾರರು 2024ರ ಮಾರ್ಚ್ ಹೊತ್ತಿಗೆ 6.2 ಕೋಟಿಗೆ ಇಳಿದರು. ಆದರೆ ಅಲ್ಲಿಯೂ ಕಥೆ ಹಳೆಯದೇ. 2016ರಲ್ಲಿ ಭಾರತಕ್ಕೆ ಬಂದ ಅಮೆಜಾನ್ ಪ್ರೈಮ್ ವಿಡಿಯೊ ವರ್ಷಕ್ಕೆ 499 ರೂಪಾಯಿ ಎಂದಿತು. 2021ರ ಡಿಸೆಂಬರಿನಲ್ಲಿ ಅದು 1,499 ಆಯಿತು. 2025ರ ಜೂನ್‌ನಿಂದ ಅದರಲ್ಲಿ ಜಾಹೀರಾತು, ಬೇಡವೆಂದರೆ ವರ್ಷಕ್ಕೆ ಇನ್ನೂ 699. ಮೊದಲು ಅಗ್ಗ, ರುಚಿ ಹತ್ತಿದ ಮೇಲೆ ದರ, ಕೊನೆಗೆ ಜಾಹೀರಾತು: ಕೇಬಲ್ಲಿಗೆ ಎರಡು ದಶಕ ಹಿಡಿದ ಹಾದಿಯನ್ನು ಇದು ಹತ್ತೇ ವರ್ಷದಲ್ಲಿ ನಡೆದಿದೆ. ಅಷ್ಟು ಕೊಟ್ಟರೂ ಸಂಜೆಯ ಕನ್ನಡ ಧಾರಾವಾಹಿ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಪ್ರತಿ ವಾಹಿನಿ ಬಳಗದ ಆ್ಯಪ್ ಬೇರೆ, ಅದರ ಚಂದಾ ಬೇರೆ, ಎಲ್ಲದರ ಕೆಳಗೆ ಇಂಟರ್‌ನೆಟ್ಟಿನ ಬಿಲ್ಲು ಬೇರೆ.

ಹೀಗಾಗಿ ಹಿರಿಯರಿರುವ, ಸಂಜೆ ಒಟ್ಟಿಗೆ ಕೂರುವ ಮನೆಗೆ ಕೇಬಲ್ಲು ಈಗಲೂ ದುಬಾರಿಯಲ್ಲ. ದುಬಾರಿಯಾಗಿರುವುದು ಗುಚ್ಛ. ಬಿಡಿ ವಾಹಿನಿ ಕೇಳುವ ಹಕ್ಕು 2019ರಿಂದ ಗ್ರಾಹಕನ ಕೈಯಲ್ಲಿದ್ದರೂ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಒಂದು ತಿಂಗಳು ಮನೆಯಲ್ಲಿ ನಿಜವಾಗಿ ತಿರುಗಿಸಿದ ವಾಹಿನಿಗಳ ಹೆಸರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೆ ಪಟ್ಟಿ ಆರೇಳನ್ನು ದಾಟುವುದು ಅಪರೂಪ. ಆ ಚೀಟಿಯನ್ನು ಕೇಬಲ್‌ನವರ ಕೈಗಿತ್ತು ‘ಇವಿಷ್ಟೇ ಸಾಕು, ಗುಚ್ಛ ಬೇಡ’ ಎನ್ನಬಹುದು. ಬಿಡಿ ಬೆಲೆಗಳ ಮೊತ್ತ ಗುಚ್ಛವನ್ನು ಮೀರಿತೋ ಎಂಬುದನ್ನು ಆಗ ಒಮ್ಮೆ ಕೂಡಿ ನೋಡಬೇಕು. ಕೂಡಿದ ಮೇಲೆ ಗುಚ್ಛವೇ ಅಗ್ಗವಾಗಿ ಕಂಡರೆ, ಅದು ಹಾಗೆ ಕಾಣುವಂತೆ ಬೆಲೆ ಇಟ್ಟವರು ಯಾರೆಂಬುದು ಈಗ ಗೊತ್ತಿದೆ.