ಸಕ್ಕರೆಗೆ ಅಂಟಿದ ಪ್ರೋಟೀನು

ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಆರು ವಾರ ತುಂಬಿತೆಂದರೆ ಎರಡೂ ತೊಡೆಗೆ ಚುಚ್ಚುಮದ್ದು: ಎಡಕ್ಕೆ ಪೆಂಟಾವೇಲೆಂಟ್, ಬಲಕ್ಕೆ ಪಿಸಿವಿ. ತಾಯಿ ಕಾರ್ಡಿನಲ್ಲಿ ಪಿಸಿವಿ ಹೊಸಬ. ಸರ್ಕಾರಿ ಲಸಿಕೆಯಾಗಿ 2017ರಲ್ಲಿ ಉತ್ತರದ ಕೆಲವು ರಾಜ್ಯಗಳಲ್ಲಿ ಶುರುವಾದದ್ದು ಇಡೀ ದೇಶಕ್ಕೆ ಹಬ್ಬಿದ್ದು 2021ರಲ್ಲಿ. ಅಲ್ಲಿಯವರೆಗೆ ನಮ್ಮಲ್ಲಿ ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರಾರು ರೂಪಾಯಿ ತೆತ್ತವರ ಮಕ್ಕಳಿಗಷ್ಟೇ ಅದು ದಕ್ಕುತ್ತಿತ್ತು.

ಪಿಸಿವಿ ತಡೆಯುವುದು ನ್ಯುಮೊಕಾಕಸ್ ಬ್ಯಾಕ್ಟೀರಿಯಾವನ್ನು. ಎಷ್ಟೋ ಮಕ್ಕಳ ಮೂಗಿನಲ್ಲಿ ಅದು ಸುಮ್ಮನೆ ಇರುತ್ತದೆ, ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಅದರ ಮೈಮೇಲೆ ಸಕ್ಕರೆ ಸರಪಳಿಗಳ ಕವಚವಿದೆ. ಈ ಕವಚಕ್ಕೆ ಪ್ರತಿಕಾಯಗಳು ಅಂಟದ ಹೊರತು ಬಿಳಿ ರಕ್ತಕಣಗಳಿಗೆ ಅದನ್ನು ನುಂಗುವುದು ಕಷ್ಟ. ತೊಡಕೆಂದರೆ, ಎರಡು ವರ್ಷದೊಳಗಿನ ಮಗುವಿನ ದೇಹ ಬರೀ ಸಕ್ಕರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ರೋಗ ಹೆಚ್ಚು ಕಾಡುವುದೂ ಅದೇ ವಯಸ್ಸಿನಲ್ಲಿ!

ಸಕ್ಕರೆಗೆ ಪ್ರೋಟೀನನ್ನು ಬೆಸೆದರೆ ದೇಹ ಎಚ್ಚರಗೊಳ್ಳುತ್ತದೆಂದು 1931ರ ಹೊತ್ತಿಗೇ ನ್ಯೂಯಾರ್ಕಿನಲ್ಲಿ ಏವರಿ ಮತ್ತು ಗೋಬೆಲ್ ತೋರಿಸಿದ್ದರು. (ಇದೇ ಬ್ಯಾಕ್ಟೀರಿಯಾದ ಬೆನ್ನುಹತ್ತಿ 1944ರಲ್ಲಿ ಆನುವಂಶಿಕ ವಸ್ತು ಡಿಎನ್‌ಎ ಎಂದು ಸಾರಿದವರೂ ಈ ಏವರಿಯೇ.) ಪುಣೆಯಲ್ಲಿ ತಯಾರಾಗುವ ನ್ಯೂಮೊಸಿಲ್ ಎಂಬ ಪಿಸಿವಿಯಲ್ಲಿ ಸಕ್ಕರೆಗೆ ಬೆಸೆದಿರುವ ಪ್ರೋಟೀನು ಗಂಟಲಮಾರಿಯ ವಿಷದ್ದು! ಹೆದರಬೇಕಿಲ್ಲ. 535 ಅಮೈನೋ ಆಮ್ಲಗಳಲ್ಲಿ 52ನೆಯದೊಂದು ಬದಲಾಗಿ ವಿಷತನ ಹೋಗಿದೆ, ಆಕಾರ ಹೆಚ್ಚುಕಡಿಮೆ ಹಾಗೇ ಉಳಿದಿದೆ.

ಸಕ್ಕರೆಯನ್ನು ಗುರುತಿಸಿದ ಬಿ ಕೋಶ ಅದರ ಜೊತೆಗೆ ಪ್ರೋಟೀನನ್ನೂ ಒಳಗೆಳೆದುಕೊಂಡು, ಚೂರುಮಾಡಿ, ಟಿ ಕೋಶದ ಮುಂದೆ ಹಿಡಿಯುತ್ತದೆ. ಟಿ ಕೋಶಕ್ಕೆ ಅರ್ಥವಾಗುವುದು ಪ್ರೋಟೀನಿನ ಚೂರು ಮಾತ್ರ. ಅದು ಕೊಡುವ ಸಂಕೇತದಿಂದ ಬಿ ಕೋಶ ವೃದ್ಧಿಯಾಗಿ ಸಕ್ಕರೆಯ ವಿರುದ್ಧ ಪ್ರತಿಕಾಯ ಸುರಿಸುತ್ತದೆ, ನೆನಪಿನ ಕೋಶಗಳನ್ನೂ ಉಳಿಸಿಹೋಗುತ್ತದೆ. ಹದಿನಾಲ್ಕು ವಾರಕ್ಕೆ ಇನ್ನೊಂದು, ಒಂಬತ್ತು ತಿಂಗಳಿಗೆ ಮತ್ತೊಂದು ಡೋಸ್ ಕೊಡುವುದು ಈ ನೆನಪು ಗಟ್ಟಿಯಾಗಲಿ ಎಂದೇ. ಜ್ವರ ಬರುತ್ತದೆಂದು ಒಂಬತ್ತನೇ ತಿಂಗಳ ಡೋಸನ್ನು ಮುಂದೂಡುವುದು ನನ್ನ ಪ್ರಕಾರ ದಡ್ಡತನ.

ಕೊರತೆ ಇಲ್ಲವೆಂದಲ್ಲ. ಕವಚದ ಬಗೆಗಳು ನೂರಕ್ಕೂ ಹೆಚ್ಚು, ನ್ಯೂಮೊಸಿಲ್‌ನಲ್ಲಿರುವುದು ಹತ್ತು. ಹಾಗಾಗಿ ಕವಚದ ಗೊಡವೆ ಬಿಟ್ಟು, ಬಹುತೇಕ ಎಲ್ಲ ತಳಿಗಳಲ್ಲೂ ಇರುವ ನ್ಯುಮೊಲೈಸಿನ್‌ನಂಥ ಪ್ರೋಟೀನುಗಳನ್ನೇ ಲಸಿಕೆ ಮಾಡುವ ಯತ್ನ ನಡೆದಿದೆ. ಆಫ್ರಿಕಾದ ಗಾಂಬಿಯಾದಲ್ಲಿ ಅಂಥ ಎರಡು ಪ್ರೋಟೀನುಗಳನ್ನು ಪಿಸಿವಿಯೊಂದಿಗೆ ಬೆರೆಸಿ ಶಿಶುಗಳಿಗೆ ಕೊಟ್ಟು ನೋಡಿದರು. ಸುರಕ್ಷಿತವೇನೋ ಹೌದು. ಆದರೆ ಲಸಿಕೆಯಲ್ಲಿಲ್ಲದ ಬಗೆಯ ನ್ಯುಮೊಕಾಕಸ್ ಮೂಗಿನಲ್ಲಿ ನೆಲೆಸುವುದು ಅದರಿಂದ ತಗ್ಗಲಿಲ್ಲ.