ಹಳೆಯ ಜೀಪಿನ ಗೇರುಪೆಟ್ಟಿಗೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕಮಲಾಪುರ ಸಿಕ್ಕುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರದು. ನಗರದ ಸುತ್ತಲಿನ ಎರೆನೆಲ ಹಿಂದಾಗಿ ಕೆಂಪು ಮಣ್ಣೂ ಏರಿಳಿತಗಳೂ ಎದುರಾಗುತ್ತವೆ. ಅಂತಹ ಒಂದು ಇಳಿಜಾರಿನಲ್ಲಿ, ತುಂಬಿದ ಹೊರೆಯೊಡನೆ, ಎರಡನೆಯ ಗೇರಿನಲ್ಲಿ ಇಳಿಯುತ್ತಿರುವ ಹಳೆಯ ಜೀಪೊಂದನ್ನು ಊಹಿಸಿಕೊಳ್ಳೋಣ. ಥಟ್ಟನೆ ಗೇರಿನ ಹಿಡಿ ತಾನಾಗಿಯೇ ನ್ಯೂಟ್ರಲ್ಲಿಗೆ ಜಿಗಿಯುತ್ತದೆ. ಎಂಜಿನ್ನಿನ ಸದ್ದು ತಗ್ಗುತ್ತದೆ. ಗಾಡಿಯ ವೇಗ ಏರುತ್ತದೆ.

ಇದರ ಅಪಾಯವನ್ನು ಲೆಕ್ಕದಿಂದ ತಿಳಿಯಬಹುದು. ಹೊರೆ ಸೇರಿ 1,500 ಕಿಲೋಗ್ರಾಂ ಇರುವ ಜೀಪು 30 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 4,40,000 ಜೂಲ್ ಸ್ಥಾನಶಕ್ತಿ ಬೇರೆ ರೂಪವನ್ನು ತಾಳಬೇಕು. ಗೇರು ಹಿಡಿದಿರುವಾಗ ಅದರಲ್ಲೊಂದು ಪಾಲನ್ನು ಎಂಜಿನ್ನು ಹೀರಿಕೊಳ್ಳುತ್ತದೆ. ಗೇರು ಬಿಟ್ಟೊಡನೆ ಬಹುಮಟ್ಟಿಗೆ ಇಡೀ ಭಾರ ಬ್ರೇಕುಗಳ ಪಾಲಾಗುತ್ತದೆ. ಆದಕಾರಣ ದುರಸ್ತಿಗೆಂದು ಕೆಳಗಿಳಿಸಿದ ಗೇರುಪೆಟ್ಟಿಗೆಯನ್ನು ಮತ್ತೆ ಗಾಡಿಗೆ ಜೋಡಿಸುವ ಮುನ್ನ ಒಳಗೆಲ್ಲ ಪರೀಕ್ಷಿಸುವುದು ಅಗತ್ಯ.

ಪೆಟ್ಟಿಗೆಯ ಕೆಲಸವೇನು?

ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಅಮೆರಿಕೆಯ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿತು. ವಿಲ್ಲೀಸ್ ಸಿಜೆ-3ಬಿ ಮಾದರಿಯಲ್ಲಿ ಟಿ-90 ಎಂಬ ಗೇರುಪೆಟ್ಟಿಗೆಯಿತ್ತು. ಅದರಲ್ಲಿ ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಮೊದಲನೆಯ ಗೇರಿನ ಅನುಪಾತ 2.798, ಎರಡನೆಯದರದು 1.551, ಮೂರನೆಯದರದು 1. ಎಂಜಿನ್ನಿನ ಕಡೆಯ ದಂಡವು 100 ನ್ಯೂಟನ್-ಮೀಟರ್ ತಿರುಗುಬಲದಿಂದ ನಿಮಿಷಕ್ಕೆ 2,000 ಸುತ್ತು ತಿರುಗಿದರೆ, ಮೊದಲನೆಯ ಗೇರಿನಲ್ಲಿ ಹೊರದಂಡವು ಸುಮಾರು 715 ಸುತ್ತು ಮಾತ್ರ ತಿರುಗುತ್ತದೆ. ಘರ್ಷಣೆಯ ನಷ್ಟವನ್ನು ಬಿಟ್ಟರೆ ಅದರ ತಿರುಗುಬಲ ಸುಮಾರು 280 ನ್ಯೂಟನ್-ಮೀಟರಿಗೆ ಏರುತ್ತದೆ. ಪೆಟ್ಟಿಗೆಯು ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುತ್ತದೆ.

ಈ ವ್ಯಾಪಾರವೆಲ್ಲ ನಡೆಯುವುದು ಹಲ್ಲುಗಳ ಮೇಲೆ. 3 ಸೆಂಟಿಮೀಟರ್ ತ್ರಿಜ್ಯದ ಹಲ್ಲುಗಾಲಿಯೊಂದು 100 ನ್ಯೂಟನ್-ಮೀಟರನ್ನು ಸಾಗಿಸುವಾಗ ಅದರ ಅಂಚಿನ ಮೇಲಿನ ಬಲ ಸುಮಾರು 3,300 ನ್ಯೂಟನ್. ತಲಾ ಒಂದು ಕ್ವಿಂಟಲಿನ ಮೂರು ತೊಗರಿ ಮೂಟೆಗಳಿಗಿಂತ ಹೆಚ್ಚಾದ ಈ ಭಾರವನ್ನು ಒಂದೆರಡು ಹಲ್ಲುಗಳೇ ಹೊರಬೇಕು.

ಎಣ್ಣೆಯ ಸಾಕ್ಷ್ಯ

ಪರೀಕ್ಷೆ ಮೊದಲಾಗುವುದು ಬಸಿದ ಎಣ್ಣೆಯಿಂದ. ಅದನ್ನು ಬಿಳಿಯ ತಟ್ಟೆಗೆ ಸುರಿದು ಬಿಸಿಲಿನಲ್ಲಿ ನೋಡಬೇಕು. ನಯವಾದ ಬೂದುಬಣ್ಣದ ಪುಡಿ ವರ್ಷಗಳ ಸಹಜ ಸವೆತ. ಅಯಸ್ಕಾಂತಕ್ಕೆ ಅಂಟುವ ಚೂಪು ಚೂರುಗಳು ಕಂಡರೆ ಎಲ್ಲಿಯೋ ಹಲ್ಲೋ ಬೇರಿಂಗೋ ಒಡೆದಿದೆ ಎಂದರ್ಥ. ಅಯಸ್ಕಾಂತಕ್ಕೆ ಅಂಟದ ಹಳದಿ ಮಿನುಗು ಹಿತ್ತಾಳೆ ಅಥವಾ ಕಂಚಿನ ಭಾಗಗಳ ಸವೆತವನ್ನು ತಿಳಿಸುತ್ತದೆ. ಹಾಲು ಬೆರೆಸಿದಂತಹ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ.

ಹಲ್ಲು, ಬೇರಿಂಗು, ಬಳೆ

ಬಳಿಕ ಭಾಗಗಳನ್ನು ಬಿಚ್ಚಿ, ತೊಳೆದು, ಒರಸಿ ಸಾಲಾಗಿ ಇಡಬೇಕು. ಹಲ್ಲುಗಳ ಹೊರಮೈಯನ್ನು ಇಂಗಾಲವೂಡಿಸಿ ಗಡುಸು ಮಾಡಿರುತ್ತಾರೆ. ಒಳತಿರುಳು ಅಷ್ಟು ಗಡುಸಲ್ಲ. ಹೊರಪದರದಲ್ಲಿ ಸಿಡುಬಿನ ಕಲೆಗಳಂತೆ ಗುಳಿಗಳು ಬಿದ್ದಿದ್ದರೆ ಆ ಗಾಲಿಯನ್ನು ಬದಲಿಸುವುದೇ ಸರಿ. ಅರದಿಂದ ಉಜ್ಜಿದರೆ ಗಡುಸಾದ ಪದರವೇ ಹೋಗಿಬಿಡುವುದು.

ಬೇರಿಂಗುಗಳನ್ನು ಎಣ್ಣೆ ಸವರಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ತೊಳೆದ ಬೇರಿಂಗನ್ನು ಗಾಳಿಯ ಒತ್ತಡದಿಂದ ಗಿರ್ರನೆ ತಿರುಗಿಸುವ ಅಭ್ಯಾಸ ಕೆಲವರಿಗುಂಟು. ಇದು ಅಪಾಯಕರ. ಎಣ್ಣೆಯಿಲ್ಲದೆ ಮಿತಿಮೀರಿದ ವೇಗಕ್ಕೆ ಏರಿದ ಬೇರಿಂಗು ಸಿಡಿದು ಗುಂಡುಗಳು ಕಣ್ಣಿಗೆ ಬಡಿಯಬಹುದು.

ಟಿ-90ರಲ್ಲಿ ಎರಡು ಮತ್ತು ಮೂರನೆಯ ಗೇರುಗಳಿಗೆ ಮಾತ್ರ ಸಿಂಕ್ರೊಮೆಷ್ ಉಂಟು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಏರ್ಪಾಡಿದು. ಚಲಿಸುವ ಬಸ್ಸನ್ನು ಹಿಡಿಯುವವನು ಮೊದಲು ಅದರ ಜೊತೆಗೆ ಓಡಿ ವೇಗವನ್ನು ಸಮಮಾಡಿಕೊಳ್ಳುವಂತೆ, ಇಲ್ಲಿ ಬಳೆಯೊಂದು ಗೇರಿನ ಶಂಕುವಿನಾಕಾರದ ಭಾಗವನ್ನು ಉಜ್ಜಿ ಎರಡರ ವೇಗವನ್ನೂ ಸಮಗೊಳಿಸುತ್ತದೆ. ಹಲ್ಲುಗಳು ಕೂಡುವುದು ಆಮೇಲೆ. ಬಳೆಯನ್ನು ಶಂಕುವಿನ ಮೇಲೆ ಒತ್ತಿ ತಿರುಚಿದಾಗ ಅದು ಹಿಡಿದುಕೊಳ್ಳಬೇಕು. ಬಳೆಗೂ ಗೇರಿನ ಹಲ್ಲುಗಳಿಗೂ ನಡುವಣ ಸಂದು ಸವೆತದೊಡನೆ ಕಿರಿದಾಗುತ್ತದೆ. ಅದನ್ನು ಫೀಲರ್ ಗೇಜಿನಿಂದ ಅಳೆದು ತಯಾರಕರ ಕೈಪಿಡಿಯ ಅಳತೆಯೊಡನೆ ಹೋಲಿಸಬೇಕು. ಮೊದಲನೆಯ ಗೇರಿಗೆ ಈ ನೆರವಿಲ್ಲವಾದುದರಿಂದ ಅವಸರದ ಚಾಲಕರ ಕೈಯಲ್ಲಿ ಅದರ ಹಲ್ಲಿನ ಅಂಚುಗಳೇ ಮೊದಲು ಮುಕ್ಕಾಗುತ್ತವೆ.

ಗೇರು ಏಕೆ ಜಿಗಿಯುತ್ತದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗೇರನ್ನೂ ಅದರ ದಂಡವನ್ನೂ ಬಂಧಿಸುವ ಚಿಕ್ಕ ಹಲ್ಲುಗಳ ಮುಖ ನೆಟ್ಟಗಿರುವಾಗ ಬಲವೆಲ್ಲ ಸುತ್ತುವ ದಿಕ್ಕಿನಲ್ಲಿಯೇ ಇರುತ್ತದೆ. ಸವೆದು ಓರೆಯಾದ ಮುಖ ಮಾತ್ರ ಇಳಿಜಾರು ಹಲಗೆಯಂತೆ ವರ್ತಿಸುತ್ತದೆ. 3,000 ನ್ಯೂಟನ್ ಬಲಕ್ಕೆ 5 ಡಿಗ್ರಿಯ ಓರೆಯಿದ್ದರೆ ಸುಮಾರು 260 ನ್ಯೂಟನ್ ಬಲವು ಕೂಡಿಕೊಂಡ ಭಾಗಗಳನ್ನು ಬೇರ್ಪಡಿಸಲು ತಳ್ಳುತ್ತದೆ. ಘರ್ಷಣೆ ಅದನ್ನು ತಡೆಯಲೆತ್ನಿಸಿದರೂ ಎಣ್ಣೆ ಸವರಿದ ಮೈಗಳು ಅದುರುವಾಗ ಆ ತಡೆ ಕುಗ್ಗುತ್ತದೆ. ಉಳಿಯುವುದು ಗೇರಿನ ಸರಳನ್ನು ಹಿಡಿದಿರುವ ಒಂದು ಗುಂಡು, ಒಂದು ಸ್ಪ್ರಿಂಗು. ಸ್ಪ್ರಿಂಗು ಸಡಿಲವಾಗಿದ್ದರೆ ಗೇರು ಜಿಗಿಯದೆ ಇನ್ನೇನಾದೀತು?

ಇಳಿಯುವಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಭಾರ ಹಲ್ಲಿನ ಇನ್ನೊಂದು ಮುಖಕ್ಕೆ ಬೀಳುತ್ತದೆ. ಏರಿನಲ್ಲಿ ನಿಂತ ಗೇರು ಇಳಿವಿನಲ್ಲಿ ಜಿಗಿಯಲು ಇದೊಂದು ಕಾರಣ. ಆದ್ದರಿಂದ ಹಲ್ಲಿನ ಎರಡು ಮುಖಗಳನ್ನೂ ನೋಡತಕ್ಕದ್ದು. ಗೇರನ್ನು ಸರಿಸುವ ಫೋರ್ಕಿನ ತುದಿ, ಸ್ಪ್ರಿಂಗಿನ ಬಿಗಿ, ದಂಡವು ಹಿಂದುಮುಂದಕ್ಕೆ ಆಡುವ ಅಳತೆ, ಒತ್ತುಬಿಲ್ಲೆಗಳ ದಪ್ಪ ಇವುಗಳನ್ನೂ ಬಿಡಬಾರದು.

ಸೀಮೆಸುಣ್ಣದ ಪರೀಕ್ಷೆ

ಪೆಟ್ಟಿಗೆಯನ್ನು ಕೂಡಿಸಿದ ಮೇಲೆ, ಗಾಡಿಗೆ ಏರಿಸುವ ಮುನ್ನ, ವಿದ್ಯಾರ್ಥಿಗಳೂ ಮಾಡಬಹುದಾದ ಪರೀಕ್ಷೆಯೊಂದಿದೆ. ಎರಡು ದಂಡಗಳ ಮೇಲೂ ಸೀಮೆಸುಣ್ಣದಿಂದ ಗೆರೆ ಎಳೆದು ಒಳದಂಡವನ್ನು ಕೈಯಿಂದ 14 ಸುತ್ತು ತಿರುಗಿಸಬೇಕು. ಹೊರದಂಡವು ಮೊದಲನೆಯ ಗೇರಿನಲ್ಲಿ 5, ಎರಡನೆಯದರಲ್ಲಿ 9, ಮೂರನೆಯದರಲ್ಲಿ 14 ಸುತ್ತು ತಿರುಗುತ್ತದೆ. ಅನುಪಾತವು ಹಲ್ಲುಗಳ ಎಣಿಕೆಯಿಂದ ನಿಶ್ಚಿತವಾದುದು, ಸವೆತದಿಂದ ಬದಲಾಗದು. ಲೆಕ್ಕ ತಪ್ಪಿದರೆ ಬೇರೆ ಮಾದರಿಯ ಗಾಲಿ ಸೇರಿದೆ, ಇಲ್ಲವೆ ಗೇರು ಸರಿಯಾಗಿ ಕೂಡಿಲ್ಲ. ತಿರುಗಿಸುವಾಗ ಕೈಗೆ ಎಲ್ಲಾದರೂ ತಡೆ ಸಿಕ್ಕರೆ ಅದು ಎಷ್ಟು ಸುತ್ತಿಗೊಮ್ಮೆ ಮರುಕಳಿಸುತ್ತದೆಂದು ಎಣಿಸಬೇಕು. ಒಳದಂಡದ ಪ್ರತಿ ಸುತ್ತಿಗೂ ಬಂದರೆ ದೋಷ ಆ ದಂಡದ ಕಡೆಯದು. ಹೊರದಂಡದ ಪ್ರತಿ ಸುತ್ತಿಗೂ ಬಂದರೆ ಹೊರದಂಡದ ಕಡೆಯದು. ಎರಡು ಗೇರುಗಳು ಒಮ್ಮೆಗೇ ಕೂಡದಂತೆ ಇರುವ ತಡೆಗೂಟವು ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಇಲ್ಲಿಯೇ ನೋಡಬೇಕು.

ಕೊನೆಗೆ ಹೊಸ ಗ್ಯಾಸ್ಕೆಟ್, ಹೊಸ ಆಯಿಲ್ ಸೀಲ್, ಕೈಪಿಡಿ ಹೇಳಿದ ಎಣ್ಣೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಕಲಬುರಗಿಯಲ್ಲಿ ತೆಳು ಎಣ್ಣೆಯು ಕಾದು ಇನ್ನೂ ತೆಳುವಾಗಿ ಹಲ್ಲುಗಳ ನಡುವಣ ಪೊರೆ ಹರಿದೀತು. ಕೆಲವು ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಹಿತ್ತಾಳೆ-ಕಂಚಿನ ಭಾಗಗಳಿಗೆ ಹಾನಿಯನ್ನೂ ಮಾಡುವುವು.

ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸಿ ಮತ್ತೆ ಏರಿಸುವುದಕ್ಕೆ ಒಂದು ದಿನದ ದುಡಿಮೆ ಬೇಕಾದೀತು. 14 ಸುತ್ತು ಎಣಿಸುವುದಕ್ಕೆ ಕೆಲವೇ ನಿಮಿಷ ಸಾಕು. ಆ ನಿಮಿಷಗಳನ್ನು ಉಳಿಸಿದವರು ದೋಷವನ್ನು ಎಣಿಸಬೇಕಾಗುವುದು ಕಮಲಾಪುರದ ಇಳಿಜಾರಿನಲ್ಲಿ.